ವೀಳ್ಯ ಒಲ್ಲದ ಕಾಳುಗಳು

ನಮ್ಮೂರಲ್ಲಿ ಗಿರಣಿಯ ಮೊದಲ ಭೋಂಗಾ ಕೂಗಿದ ಮೇಲೆ ಎರಡನೆಯ ಭೋಂಗಾ ಕೂಗುವ ತನಕ ಯಾರೂ ಸೀನುವುದಿಲ್ಲ. ತಡೆಯಲಾಗದಿದ್ದರೆ ಮೂಗು ಹಿಡಿದುಕೊಂಡು ಹಿತ್ತಲಿಗೆ ಓಡಬೇಕು. ಅದು ಕಾಳುಗಳು ಬಿಸಿಲು ಕಾಯಿಸುವ ಹೊತ್ತು. ಮನೆಮನೆಯ ಕಟ್ಟೆಯ ಮೇಲೆ ಕರಿ ಕಂಬಳಿ ಹಾಸಿರುತ್ತದೆ, ಅದರ ಅಂಚಿಗೆ ಮನೆಯವರು ಅಂಗೈ ಊರಿ ಕೂತಿರುತ್ತಾರೆ, ಉಗುರಿನ ಸಂದಿಯಿಂದ ಅವರವರ ಕಾವಲುಕಾಳುಗಳು ಒಂದೊಂದಾಗಿ ಇಳಿದು ಬರುತ್ತವೆ. ಸುಲಿದ ಎಳ್ಳಿನಷ್ಟು ಗಾತ್ರ, ಅಷ್ಟೇ ಬಿಳುಪು. ಮೈಯೊಳಗೆ ಗಸ್ತು ತಿರುಗಿ ದಣಿದವು ಬಿಸಿಲಿಗೆ ಮಗ್ಗುಲು ಬದಲಿಸುತ್ತವೆ. ನೆಗಡಿಯಾದವರ ಕಾಳುಗಳು ಹೊಡೆದಾಡಿ ಬಂದ ಪೈಲ್ವಾನರ ಹಾಗೆ ಧೂಳು ಕೊಡವಿಕೊಳ್ಳುತ್ತ ತಡವಾಗಿ ಇಳಿಯುತ್ತವೆ. ಎರಡನೆಯ ಭೋಂಗಾ ಆಯಿತೋ, ಯಾವ ಮೈಯಿಂದ ಇಳಿದವೋ ಅದೇ ಮೈಗೆ ವಾಪಸು.

ಹೆಣ್ಣು ನೋಡಲು ಹೋದವರು ಕೂಡ ಮೊದಲು ಮಾಡುವ ಕೆಲಸ ಕಂಬಳಿ ಹಾಸುವುದು. ಹುಡುಗನದೊಂದು, ಹುಡುಗಿಯದೊಂದು, ಅಂಚಿಗೆ ಅಂಚು ಕೂಡಿಸಿ. ಕಾಳುಗಳು ಒಂದನ್ನೊಂದು ಮೂಸಿ ಸುಮ್ಮನಾದರೆ ಮಾತುಕತೆ ಮುಂದುವರಿಯುತ್ತದೆ. ಕಚ್ಚಾಟಕ್ಕೆ ಬಿದ್ದರೆ ಉಪ್ಪಿಟ್ಟು ತಿಂದು ಎದ್ದು ಬರುವುದು. ನಾನು ಹಾಗೆ ನಾಲ್ಕು ಮನೆಗಳಲ್ಲಿ ಉಪ್ಪಿಟ್ಟು ತಿಂದು ಎದ್ದು ಬಂದಿದ್ದೇನೆ. ಐದನೆಯ ಮನೆಯಲ್ಲಿ ಅದನ್ನೂ ತಿನ್ನಲು ಬಿಡಲಿಲ್ಲ.

ನನ್ನ ಹೆಸರು ಮಾಳಿಂಗ. ಚಾಕು, ಕುಡುಗೋಲು, ಕತ್ತರಿಗೆ ಸಾಣೆ ಹಿಡಿಯುವುದು ನನ್ನ ಕೆಲಸ. ಕಾಲಲ್ಲಿ ತುಳಿಯುವ ಚಕ್ರ, ಕೈಯಲ್ಲಿ ಅಲಗು, ಮುಖಕ್ಕೆ ಕಿಡಿ. ನನ್ನ ಸಿಟ್ಟಿಗೆ ಇದಕ್ಕಿಂತ ಹೊಂದುವ ಕೆಲಸ ಇನ್ನೊಂದಿಲ್ಲ ಅಂತ ಊರವರು ನಗುತ್ತಾರೆ. ನಗಲಿ. ಅವರ ಚಾಕು ಮೊಂಡಾದಾಗ ನನ್ನ ಕಟ್ಟೆಗೇ ಬರಬೇಕು.

ಶಾಲೆಯನ್ನು ನಾನು ಬಿಟ್ಟದ್ದು ಆರನೇ ಇಯತ್ತೆಯಲ್ಲಿ. ಆ ವರ್ಷ ನಮ್ಮೂರ ಮಕ್ಕಳಿಗೆ ಎರಡು ಪರೀಕ್ಷೆ. ಒಂದು ಮಕ್ಕಳಿಗೆ, ಇನ್ನೊಂದು ಅವರ ಕಾಳುಗಳಿಗೆ. ಎರಡನೆಯದಕ್ಕೆ ಜರಡಿ ಪರೀಕ್ಷೆ ಅನ್ನುತ್ತಾರೆ. ಅಗಲ ತಟ್ಟೆಯಂಥ ಹಿತ್ತಾಳೆ ಪರಾತಿನಲ್ಲಿ ಹುಡುಗನ ಎಳೆಗಾಳುಗಳನ್ನು ಇಳಿಸಿ, ನಡುವೆ ಅದೇ ಹುಡುಗನ ಒಂದು ಕೂದಲು ಇಡುತ್ತಾರೆ. ಇದು ನಮ್ಮ ಮನೆಯದು ಅಂತ ಮೂಸಿ, ಗುರುತು ಹಿಡಿದು, ಸರಿದು ನಿಂತ ಕಾಳು ಪಾಸು. ಏನೂ ತಿಳಿಯದೆ ಪಿಳಿಪಿಳಿ ನೋಡುತ್ತ ಕೂತದ್ದು ನಪಾಸು. ಕೂದಲ ಮೇಲೆ ಹಾರಿ ಬಿದ್ದದ್ದು ಕಡು ನಪಾಸು. ನಪಾಸಾದವನ್ನು ಮಾಸ್ತರರು ನವಿಲುಗರಿಯಿಂದ ಗುಡಿಸಿ ಸುಣ್ಣದ ನೀರಿನ ಗಡಿಗೆಗೆ ಬೀಳಿಸುತ್ತಾರೆ. ನೂರಕ್ಕೆ ಎರಡು, ಹೆಚ್ಚೆಂದರೆ ಮೂರು ಉಳಿಯುತ್ತವೆ. ಉಳಿದವು ಮುಂದೆ ಹುಟ್ಟುವವಕ್ಕೆ ಬುದ್ಧಿ ಹೇಳುತ್ತವೆ. ಊರಿಗೆ ಊರೇ ಹೀಗೆ ಜರಡಿ ಹಿಡಿಸಿಕೊಂಡು ದೊಡ್ಡದಾಗಿದೆ. ಯಾರೂ ಅತ್ತದ್ದಿಲ್ಲ.

ನನ್ನ ಸರದಿ ಬಂತು. ಕಲ್ಲಿನಾಥ ಮಾಸ್ತರರು ನನ್ನ ಕೂದಲು ಇಟ್ಟದ್ದೇ ತಡ, ನನ್ನ ಕಾಳುಗಳಲ್ಲಿ ಮುಕ್ಕಾಲು ಪಾಲು ಅದರ ಮೇಲೆ ಬಿದ್ದವು. ಮಾಸ್ತರರು ತಮ್ಮ ಮೆತ್ತಗಿನ ದನಿಯಲ್ಲಿ, "ಇರಲಿ ಇರಲಿ, ಗಾಬರಿಯಾಗಬೇಡಪ್ಪ" ಅನ್ನುತ್ತ ಗರಿ ಎತ್ತಿದರು. ಆಗ ಒಂದು ಕಾಳು, ಎಳ್ಳಿನಷ್ಟು ಗಾತ್ರದ್ದು, ಆ ಗರಿಯ ತುದಿಯನ್ನು ಕಚ್ಚಿ ಹಿಡಿದು ನೇತುಬಿದ್ದಿತು. ಕೊಡವಿದರೂ ಬಿಡಲಿಲ್ಲ. ನನಗೆ ಏನಾಯಿತೋ. ಪರಾತನ್ನು ಎದೆಗೆ ಅವುಚಿಕೊಂಡು, ಕಿಟಕಿ ಹಾರಿ, ಓಡಿದೆ. ಮತ್ತೆ ಆ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಅಂದಿನಿಂದ ನನಗೆ ಒಂದು ಜ್ವರ ಬಂದಿಲ್ಲ, ಒಂದು ನೆಗಡಿ ಇಲ್ಲ. ಊರಿಗೆಲ್ಲ ಅಮ್ಮ ಬಂದ ವರ್ಷ ನನ್ನ ಮೈಮೇಲೆ ಒಂದು ಗುಳ್ಳೆ ಏಳಲಿಲ್ಲ. ಆದರೆ ಹದಿನೆಂಟು ತುಂಬುವಷ್ಟರಲ್ಲಿ ಹೊರಗೆ ಶತ್ರು ಸಿಗದ ನನ್ನ ಕಾಳುಗಳು ಒಳಗೇ ಹುಡುಕತೊಡಗಿದವು. ನನ್ನ ಮಂಡಿಗಳನ್ನೇ ಕಡಿಯತೊಡಗಿದವು. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ನನ್ನವು ಮನೆಗೂ ಮಾರಿ, ಊರಿಗೂ ಮಾರಿ. ಸಾಣೆ ಚಕ್ರ ತುಳಿಯುವಾಗಲೆಲ್ಲ ಮಂಡಿ ಕಟಕಟ ಅನ್ನುತ್ತದೆ. ಒಂದೊಂದು ಕಟಕಟಕ್ಕೂ ನಾನು ಕಲ್ಲಿನಾಥ ಮಾಸ್ತರರನ್ನು ಬೈದಿದ್ದೇನೆ. ಅವರು ಸರಿ ಇದ್ದರು ಅನ್ನುವುದಕ್ಕೆ ಬೈದೆನೋ, ತಪ್ಪು ಅನ್ನುವುದಕ್ಕೆ ಬೈದೆನೋ, ಅದನ್ನು ಮಾತ್ರ ಕೇಳಬೇಡಿ.

ಹೋದ ಮಳೆಗಾಲ ಮುಗಿದಾಗ ಮಾಸ್ತರರ ಹೆಂಡತಿ ನೀಲಗಂಗವ್ವ ಈಳಿಗೆಮಣೆ ಹೊತ್ತುಕೊಂಡು ನನ್ನ ಕಟ್ಟೆಗೆ ಬಂದಳು.

"ಮಾಳ್ಯಾ, ಇದಕ್ಕಷ್ಟು ಸಾಣಿ ಹಿಡಿದು ಕೊಡೋ. ಬದನಿಕಾಯಿ ಸೈತ ಹೆಚ್ಚವಲ್ದು."

"ನಿಮ್ಮ ಮನೀದು ಹಿಡಿಯಾಂಗಿಲ್ಲ."

"ಹದಿಮೂರು ವರ್ಷ ಆತು. ಇನ್ನೂ ಸಿಟ್ಟು ಇಳಿದಿಲ್ಲೇನು?"

"ಇಳಿಯಾಕ ಅದೇನು ಜ್ವರಾ ಏನ್ರಿ?"

ಆಕೆ ನಗಲಿಲ್ಲ. ಈಳಿಗೆಯನ್ನು ಕಟ್ಟೆಯ ಮೇಲಿಟ್ಟು ಅದರ ಪಕ್ಕದಲ್ಲೇ ಕೂತಳು. "ಮಾಸ್ತರಿಗೆ ಪಕ್ಕೆಲುಬಿನ ಕೆಳಗ ಗಂಟು ಆಗೇತಿ. ನಿಂಬಿಹಣ್ಣಿನಷ್ಟು. ದುರ್ಬೀನಬಾಯಿ ನೋಡಿ, ಸಂಕ್ರಾಂತಿ ದಾಟೂದು ಕಷ್ಟ ಅಂದ್ಲು. ನಿನ್ನ ಕರಕೊಂಡು ಬಾ ಅಂತನೂ ಆಕಿನ ಅಂದ್ಲು. ಈಳಿಗಿ ಬರೇ ನೆವ."

ದುರ್ಬೀನಬಾಯಿ ಅಂದರೆ ಡಾಕ್ಟರ್ ಹಸೀನಾ. ಹಳೇ ಹತ್ತಿ ಜಿನ್ನಿನ ಕಟ್ಟಡದಲ್ಲಿ ಸಂಶೋಧನೆಯ ಮನೆ ಇಟ್ಟುಕೊಂಡಿದ್ದಾಳೆ. ಕೊರಳಲ್ಲಿ ಯಾವಾಗಲೂ ಒಂದು ದಪ್ಪ ಗಾಜು ನೇತಾಡುತ್ತಿರುತ್ತದೆ. ತನ್ನ ಕಾಗದಗಳಲ್ಲಿ ನಮ್ಮ ಕಾಳುಗಳಿಗೆ ರೋಗನಿರೋಧಕ ಕಣ ಅಂತ ಬರೆಯುತ್ತಾಳೆ, ಬಾಯಲ್ಲಿ ಮಾತ್ರ ನಮ್ಮ ಹಾಗೆಯೇ ಕಾಳು ಅನ್ನುತ್ತಾಳೆ. ಬೆಳಗಿನ ಹೊತ್ತು ಕಂಬಳಿಯಿಂದ ಕಂಬಳಿಗೆ ಬಗ್ಗಿ ನೋಡುತ್ತ ಹೋಗುವ ಆಕೆಯನ್ನು ಕಂಡರೆ ಹೆಂಗಸರು, "ನಮ್ಮವು ಹೆಂಗದಾವ್ರಿ ಬಾಯಿ?" ಅಂತ ಕೇಳುತ್ತಾರೆ, ಮಗನ ಅಂಕ ಕೇಳಿದ ಹಾಗೆ.

ನಾನು ಹೋಗುತ್ತಿರಲಿಲ್ಲ. ಆದರೆ ನೀಲಗಂಗವ್ವ ಎದ್ದು ಹೋದ ಮೇಲೆ ಯೋಚನೆಗೆ ಬಿದ್ದೆ. ಹದಿಮೂರು ವರ್ಷ ನಾನು ಒಂದು ಸಿಟ್ಟನ್ನು ದಿನಾ ಸಾಣೆ ಹಿಡಿದು ಇಟ್ಟುಕೊಂಡಿದ್ದೇನೆ. ಅದರ ಅಲಗಿಗೆ ಎದುರು ನಿಲ್ಲಲು ಇರುವುದು ಒಬ್ಬನೇ ಮನುಷ್ಯ. ಆ ಮನುಷ್ಯನನ್ನು ನಿಂಬೆಹಣ್ಣಿನಷ್ಟು ಗಂಟೊಂದು ನನ್ನ ಕೈಯಿಂದ ಕಸಿದುಕೊಂಡು ಹೋಗುವುದೆಂದರೇನು? ಮರುದಿನ ಜಿನ್ನಿಗೆ ಹೋದೆ.

ಡಾಕ್ಟರ್ ಹಸೀನಾ ಒಂದು ಗಾಜಿನ ಬಟ್ಟಲು ತೋರಿಸಿದಳು. ಮಾಸ್ತರರ ಗಂಟಿನಿಂದ ತೆಗೆದ ಚೂರು, ಕಡಲೆಬೇಳೆಯಷ್ಟು, ಅದರಲ್ಲಿತ್ತು. ಅದರ ಸುತ್ತ ಮಾಸ್ತರರ ಕಾಳುಗಳನ್ನು ಬಿಟ್ಟಿದ್ದಳು. ಮೂವತ್ತೈದು ವರ್ಷ ಊರ ಕಾಳುಗಳಿಗೆಲ್ಲ ಪರೀಕ್ಷೆ ಮಾಡಿದವರ ಕಾಳುಗಳು ಹೇಗಿರಬೇಕೋ ಹಾಗೇ ಇದ್ದವು, ಸಾಲು ತಪ್ಪುವುದಿಲ್ಲ, ನೂಕಾಡುವುದಿಲ್ಲ. ಒಂದೊಂದಾಗಿ ಆ ಚೂರಿನ ಹತ್ತಿರ ಹೋದವು. ಏನೋ ಸಂಶಯ ಬಂದ ಹಾಗೆ ನಿಂತವು. ಅಷ್ಟರಲ್ಲಿ ಆ ಚೂರು ತನ್ನ ಮೈಯಿಂದ ಹಸಿರಾದದ್ದೊಂದನ್ನು, ಮಡಿಚಿ ಮಡಿಚಿ ಮಾಡಿದ್ದನ್ನು, ಮುಂದೆ ಚಾಚಿತು.

"ಇದೇನ್ರಿ ಬಾಯಿ?"

"ವೀಳ್ಯ," ಅಂದಳು. "ಸಂಶಯ ಪಟ್ಟು ಬಂದವಕ್ಕೆಲ್ಲ ವೀಳ್ಯ ಕೊಡ್ತೈತಿ. ನೋಡು ಈಗ."

ಮಾಸ್ತರರ ಕಾಳುಗಳು ತಲೆ ಬಾಗಿಸಿ ವೀಳ್ಯ ತೆಗೆದುಕೊಂಡವು. ನಮ್ಮೂರಲ್ಲಿ ವೀಳ್ಯ ತೆಗೆದುಕೊಂಡವನು ಕೊಟ್ಟವನ ಮೇಲೆ ಕೈ ಎತ್ತುವ ಹಾಗಿಲ್ಲ, ಅದು ಎಲ್ಲರಿಗೂ ಗೊತ್ತು. ಅವು ಮೆಲ್ಲುತ್ತ, ಬಂದ ದಾರಿಯಲ್ಲಿ, ಸಾಲಾಗಿ ವಾಪಸು ಹೋದವು. ನನಗೆ ಮೈಯೆಲ್ಲ ಉರಿಯಿತು.

"ಒಡೆಯನ ಮನೀ ತಿನ್ನಾಕತ್ತೈತಿ ಅದು, ಇವು ಅದರ ಎಲಿ ಮೆಲ್ಲಾಕತ್ತಾವ?"

"ನಲವತ್ತು ಜನರ ಕಾಳು ಹಚ್ಚಿ ನೋಡೀನಿ. ಎಲ್ಲಾವೂ ಮೆದ್ದಾವು. ಪಾಸಾದವು ಅಲ್ಲೇನು, ಮರ್ಯಾದಿ ಕಲ್ತಾವು," ಅಂದಳು ಹಸೀನಾ. "ನೀನೊಬ್ಬ ಉಳಿದಿದ್ದಿ. ಕೈ ಊರು."

ಅಂಥದೇ ಚೂರಿದ್ದ ಇನ್ನೊಂದು ಬಟ್ಟಲಿನ ಅಂಚಿಗೆ ಕೈ ಊರಿದೆ. ನನ್ನವು ಇಳಿದವು ಅನ್ನುವುದಕ್ಕಿಂತ ಸುರಿದವು ಅನ್ನಬೇಕು. ಚೂರು ವೀಳ್ಯ ಚಾಚಿತು. ಮೊದಲು ಹೋದ ಕಾಳು ಅದನ್ನು ತುಳಿದುಕೊಂಡು ಮುಂದೆ ಹೋಯಿತು. ನಾನು ಒಂದು ಕಪ್ಪು ಚಹಾ ಕುಡಿದು ಮುಗಿಸುವಷ್ಟರಲ್ಲಿ ಬಟ್ಟಲು ಖಾಲಿ. ಹಸೀನಾಳ ಕೈಯಲ್ಲಿದ್ದ ಚಹಾ ಕುಡಿಯದೆಯೇ ಆರಿತ್ತು.

"ಹಂಗಾರ ಮುಗೀತಲ್ಲ," ಅಂದೆ. "ನನ್ನವನ್ನ ಅವರ ಮೈಯಾಗ ಬಿಡ್ರಿ."

ಅವಳು ಮಾಸ್ತರರ ಉಗುರಿನ ಚೂರೊಂದನ್ನು ಬಟ್ಟಲಿಗೆ ಹಾಕಿದಳು. ನನ್ನ ಕಾಳುಗಳು ಅದನ್ನು ಗಂಟಿಗಿಂತ ಬೇಗ ಮುಗಿಸಿದವು.

"ಗಂಟೂ ಹೋಗ್ತೈತಿ, ಮಾಸ್ತರ್ರೂ ಹೋಗ್ತಾರ," ಅಂದಳು. "ಅವರ ಕಾಳಿಗೇ ಕಲಿಸಬೇಕು, ವೀಳ್ಯ ಒಲ್ಲೆ ಅನ್ನೂದನ್ನ. ನಾನು ಕಂಡ ಮಟ್ಟಿಗೆ ಒಡೆಯನ ರೂಢಿ ಕಾಳಿಗೆ ಬರ್ತೈತಿ. ಮಾಸ್ತರ್ರು ಹುಟ್ಟಿದಾಗಿಂದ ಯಾರಿಗೂ ಒಲ್ಲೆ ಅಂದವರಲ್ಲ. ಅವರಿಗೆ ಅಷ್ಟು ಅನ್ನಾಕ ಬಂದರ ಕಾಳಿಗೂ ಬರಬಹುದು. ಊರಾಗ ಇದನ್ನ ಕಲಿಸೂ ಯೋಗ್ಯತಾ ಇದ್ದಾಂವ ನೀನೊಬ್ಬನ."

ಹೀಗೆ ಆರನೇ ಇಯತ್ತೆ ದಾಟದ ನಾನು ಕಲ್ಲಿನಾಥ ಮಾಸ್ತರರಿಗೆ ಮಾಸ್ತರನಾದೆ.

ಮಾಸ್ತರರು ಬಹಳ ಒಳ್ಳೆಯ ವಿದ್ಯಾರ್ಥಿ. ಮೊದಲ ದಿನ ಹೇಳಿದ ಹೊತ್ತಿಗಿಂತ ಮೊದಲೇ ಬಂದು, ಮಡಿಚಿದ ಕೊಡೆ ಹಿಡಿದು, ನನ್ನ ಕಟ್ಟೆಯ ಕೆಳಗೆ ನಿಂತಿದ್ದರು. ಕೂರಿ ಅಂದರೆ ಕೂತರು. ತೆಳ್ಳಗಾಗಿದ್ದರು, ಕೋಟಿನ ಕಾಲರಿನೊಳಗೆ ಕೊರಳು ಅಲ್ಲಾಡುತ್ತಿತ್ತು. ಮಾತು ಮಾತ್ರ ಹಾಗೇ, ಪುಸ್ತಕದಲ್ಲಿ ಅಚ್ಚಾದ ಹಾಗೆ.

"ಏನು ಕಲಿಸುತ್ತೀಯಪ್ಪ ಮಾಳಿಂಗರಾಯ?"

"ಬ್ಯಾಡ ಅನ್ನೂದು."

"ಅದು ನನಗೆ ಗೊತ್ತಿದೆಯಲ್ಲಪ್ಪ."

"ನಡ್ರಿ, ನೋಡೋಣು."

ಅವರನ್ನು ಮನೆಮನೆಗೆ ಕರೆದುಕೊಂಡು ಹೊರಟೆ. ಹಳೆಯ ಮಾಸ್ತರರು ಬಾಗಿಲಿಗೆ ಬಂದರೆ ನಮ್ಮೂರಲ್ಲಿ ಎಲೆ ಅಡಿಕೆ ಕೊಡದೆ ಕಳಿಸುವುದುಂಟೇ? ಮೊದಲ ಮನೆ ಬಳೆಗಾರ ಇರಸಂಗಪ್ಪನದು. ಅವನ ಸೊಸೆ ತಟ್ಟೆ ಹಿಡಿದು ಬಂದಳು. ನಾನು ಮಾಸ್ತರರ ಬೆನ್ನಿಗೆ ತಿವಿದೆ. "ಬೇಡಮ್ಮ," ಅಂದರು ಮಾಸ್ತರರು. ಅವಳ ಮುಖ ಸಣ್ಣದಾಯಿತು. "ತಪ್ಪು ತಿಳಿಯಬೇಡ ತಾಯಿ," ಅನ್ನುತ್ತ ಎರಡು ಎಲೆ ತೆಗೆದುಕೊಂಡರು. ಆಮೇಲೆ ಬೇಡ ಅಂದದ್ದಕ್ಕೆ ಕ್ಷಮೆ ಕೇಳುತ್ತ ಇನ್ನೆರಡು. ಎರಡನೆಯ ಮನೆಯಲ್ಲಿ ಬೇಡ ಅನ್ನುವ ಮೊದಲೇ ಕೈ ಚಾಚಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರ ಕೋಟಿನ ಎರಡೂ ಕಿಸೆಗಳು ಎಲೆಬಳ್ಳಿಯ ಹಾಗೆ ಹಸಿರು ಹಸಿರಾಗಿ ಹೊರಚಾಚಿದ್ದವು. ಊರಿಗೆ ಇದೊಂದು ಆಟವಾಯಿತು. ಅಲ್ಲಿಯವರೆಗೆ ಎಲೆ ಹಾಕದವರೂ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರು.

"ಮಾಸ್ತರ, ನಮ್ಮನಿ ಎಲಿ ಒಮ್ಮೆ ಬ್ಯಾಡ ಅನ್ನಾಕ ಬರ್ರಿ!" ಅಂತ ಬೀದಿಯ ಆಚೆಯಿಂದ ಕೂಗುತ್ತಿದ್ದರು.

"ನೀವು ಸುಮ್ಕ ಒಳಗ ಹೋಗ್ರಿ, ಇಲ್ಲಾಂದ್ರ ನಿಮ್ಮ ಕತ್ರಿ ಮೊಂಡ ಮಾಡಿ ಬಿಡ್ತೀನಿ," ಅಂತ ನಾನು.

ಮನೆಮನೆ ತಿರುಗಿ ಉಪಯೋಗವಾಗಲಿಲ್ಲ ಅಂತ ಪಾಟಿ ಬಳಪ ಕೊಟ್ಟೆ. ನೂರು ಸಲ ಬ್ಯಾಡ ಅಂತ ಬರೆಯಿರಿ ಅಂದೆ. ಬರೆದರು. ಒಂದಕ್ಕೊಂದು ಸರಿದೂಗುವ ಮುತ್ತಿನಂಥ ಅಕ್ಷರ, ಕೈಮುಗಿಯಬೇಕು ಅನ್ನಿಸುವ ಹಾಗೆ. ಮರುದಿನ ಹಸೀನಾ ಗಂಟಿನ ಹೊಸ ಚೂರು ತಂದು ಅವರ ಕಂಬಳಿಯ ಮೇಲೆ ಇಟ್ಟಳು. ಅವರ ಕಾಳುಗಳು ವೀಳ್ಯ ತೆಗೆದುಕೊಂಡವು, ಮೊದಲಿಗಿಂತ ಒಂದು ಗಳಿಗೆ ಹೆಚ್ಚು ತಲೆ ಬಾಗಿಸಿ. ನಾನು ಬೆತ್ತ ತಂದೆ. ನೆಲಕ್ಕೆ ಬಡಿದೆ. ಕೂಗಿದೆ. ಒಂದು ಕಾಲ ಮೇಲೆ ನಿಲ್ಲಿಸಿದೆ. ಮಾಸ್ತರರು ಎಲ್ಲದಕ್ಕೂ ಹೂಂ ಅಂದು, ಹೇಳಿದ ಹಾಗೆ ಮಾಡಿದರು. ಅವರ ಕಾಳುಗಳೂ ನನ್ನ ಕೂಗಿಗೆ ಸಾಲು ಇನ್ನಷ್ಟು ನೇರ ಮಾಡಿಕೊಂಡವು.

"ನೀನು ಕಲಿಸಾಕತ್ತಿದ್ದು ಹೇಳಿದ ಮಾತು ಕೇಳೂದನ್ನ," ಅಂದಳು ಹಸೀನಾ, ಗಾಜು ಒರೆಸುತ್ತ. "ಅದು ಅವರಿಗೆ ಮೊದಲ ಬರ್ತೈತಿ."

ಬೆತ್ತ ಮುರಿದು ಗಟಾರಕ್ಕೆ ಎಸೆದೆ.

ಗಂಟು ಕಿತ್ತಳೆಯಷ್ಟಾಯಿತು. ಮಾಸ್ತರರು ನನ್ನ ಕಟ್ಟೆ ಹತ್ತಲು ನೀಲಗಂಗವ್ವನ ಹೆಗಲು ಹಿಡಿಯತೊಡಗಿದರು. ಆಮೇಲೆ ಹತ್ತುವುದೂ ನಿಂತಿತು, ನಾನೇ ಅವರ ಮನೆಗೆ ಹೋಗಬೇಕಾಯಿತು. ಅಷ್ಟು ದಿನ ಊರೆಲ್ಲ ತಿರುಗಿ ನನ್ನ ಮಂಡಿಗಳು ಕುಂಬಳಕಾಯಿಗಳಾಗಿದ್ದವು. ಸಂಕ್ರಾಂತಿಗೆ ಹದಿನೈದು ದಿನ ಇತ್ತು. ಒಂದು ಬೆಳಿಗ್ಗೆ ಸಾಣೆ ಚಕ್ರಕ್ಕೆ ಬಲಗಾಲಿಟ್ಟೆ, ಕಾಲು ಕೆಳಗಿಳಿಯಲಿಲ್ಲ. ಎರಡೂ ಕೈಯಿಂದ ತೊಡೆ ಒತ್ತಿದೆ, ಆದರೂ ಇಲ್ಲ. ಎದುರಿನ ಅಲಗು ಮೊಂಡಾಗಿ ಕೂತು ನನ್ನನ್ನೇ ನೋಡುತ್ತಿತ್ತು.

ಹಿಂದಿನ ದಿನ ಹಸೀನಾ ಹೇಳಿದ್ದಳು, "ಇನ್ನು ಸಾಕು ಮಾಳಿಂಗ. ನಾಳೆ ಕಡೀ ಚೂರು ಇಟ್ಟು ನೋಡ್ತೀನಿ. ಆಮ್ಯಾಲೆ ಅವರಿಗೆ ತ್ರಾಸು ಕೊಡೂದು ಬ್ಯಾಡ."

ಮೊದಲ ಭೋಂಗಾ ಕೂಗಿತು. ನಾನು ಮನೆಯ ಅಟ್ಟದಿಂದ ಆ ಹಿತ್ತಾಳೆ ಪರಾತನ್ನು ಇಳಿಸಿದೆ. ಹೌದು, ಅದು ಇನ್ನೂ ನನ್ನ ಹತ್ತಿರವೇ ಇತ್ತು, ಶಾಲೆಯ ಹೆಸರು ಅದರ ಅಂಚಿಗೆ ಕೊರೆದಿತ್ತು. ಕೈ ಊರಿದೆ, ನನ್ನ ಕಾಳುಗಳು ಇಳಿದವು. ಅವುಗಳ ಪಕ್ಕದಲ್ಲಿ ಎರಡು ಎಲೆ, ಒಂದು ಅಡಿಕೆ ಇಟ್ಟೆ. ಸೋತು ಒಪ್ಪಿಸುವವನು ಹಾಗೆ ಇಡಬೇಕು, ಅದು ಪದ್ಧತಿ. ಪದ್ಧತಿಗಳ ಮುಖಕ್ಕೆ ಉಗಿದೇ ಬೆಳೆದವನು ನಾನು, ಆದರೆ ಮಂಡಿ ಹೇಳಿದರೆ ಕೇಳಲೇಬೇಕು. ಗೋಡೆ ಹಿಡಿದು, ಕುಂಟುತ್ತ, ಮಾಸ್ತರರ ಮನೆಗೆ ಹೋದೆ.

ಕಟ್ಟೆಯ ಕಂಬಳಿಯ ಮೇಲೆ ಮಾಸ್ತರರ ಕಾಳುಗಳು ಇಳಿದಿದ್ದವು. ಅವರು ಗೋಡೆಗೆ ಒರಗಿ ಕೂತಿದ್ದರು. ಹಸೀನಾ ಆಗಲೇ ಬಂದಿದ್ದಳು, ಚೂರಿದ್ದ ಬಟ್ಟಲು ಕಂಬಳಿಯ ಮೂಲೆಯಲ್ಲಿತ್ತು. ನಾನು ಪರಾತನ್ನು ಮಾಸ್ತರರ ಮುಂದೆ ಇಟ್ಟೆ.

"ಏನಪ್ಪ ಇದು?"

"ಪರೀಕ್ಷಾ ಮಾಡ್ರಿ."

"ಯಾರಿಗೆ?"

"ನನ್ನವಕ್ಕ. ಹದಿಮೂರು ವರ್ಷ ತಡಾ ಆತು. ನಿಮ್ಮ ಕಾಳೂ ಕಲೀಲಿಲ್ಲ, ನನ್ನ ಕಾಳೂ ಕಲೀಲಿಲ್ಲ. ಇಬ್ಬರೊಳಗ ಒಬ್ಬರರ ನೆಟ್ಟಗ ನಡದಾಡೋಣು. ನೀವು ಅಂದಿದ್ದು ಖರೇ ಇತ್ತು. ಗುಡಿಸ್ರಿ."

ನೀಲಗಂಗವ್ವ ಒಳಗಿನಿಂದ ನವಿಲುಗರಿ ತಂದುಕೊಟ್ಟಳು. ಮಾಸ್ತರರಿಗೆ ಆ ಕೆಲಸ ಹೇಳಿಕೊಡಬೇಕೇ? ಬೆನ್ನು ನೆಟ್ಟಗಾಯಿತು. ನನ್ನ ತಲೆಯಿಂದ ತಾವೇ ಒಂದು ಕೂದಲು ಕಿತ್ತು ಪರಾತಿನ ನಡುವೆ ಇಟ್ಟರು. ನನ್ನವು ಹಾರಿ ಬಿದ್ದವು, ಅಂದಿನ ಹಾಗೆಯೇ, ಒಂದಿಷ್ಟೂ ಬುದ್ಧಿ ಕಲಿಯದೆ. "ಇರಲಿ ಇರಲಿ," ಅಂದರು ಮಾಸ್ತರರು, ಯಾರಿಗೆ ಅಂದರೋ. ಗರಿ ಪರಾತಿಗೆ ಇಳಿಯಿತು. ನಾನು ಬೇರೆ ಕಡೆ ನೋಡಿದೆ.

ಮುಗಿಯಿತೇನೋ ಅಂತ ತಿರುಗಿದೆ. ಮಾಸ್ತರರು ಗರಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಿದ್ದರು. ಅದರ ತುದಿಯನ್ನು ಕಚ್ಚಿಕೊಂಡು ಒಂದು ಕಾಳು ನೇತಾಡುತ್ತಿತ್ತು. ಮೆಲ್ಲಗೆ ಕೊಡವಿದರು. ಬಿಡಲಿಲ್ಲ.

"ಅದೇ ಇದು?" ಅಂತ ಕೇಳಿದರು.

"ಯಾವುದ್ರಿ?"

"ಅಂದು ನೇತಾಡಿದ್ದು."

ಆ ಕಾಳನ್ನು ಅವರು ಎಂದೋ ಮರೆತಿರುತ್ತಾರೆ ಅಂದುಕೊಂಡಿದ್ದೆ. "ಗೊತ್ತಿಲ್ರಿ. ಇರಬಹುದು. ಇಲ್ಲಾಂದ್ರ ಅದರ ಮೊಮ್ಮಗ."

"ಅಂದು ನೀನು ಓಡದಿದ್ದರೆ ನಾನು ಇದನ್ನು ಸುಣ್ಣದ ನೀರಿಗೆ ಹಾಕುತ್ತಿದ್ದೆ," ಅಂದರು. "ನೋಡಿಯೂ ಹಾಕುತ್ತಿದ್ದೆ."

"ಲಗೂ ಮುಗಸ್ರಿ," ಅಂದಳು ನೀಲಗಂಗವ್ವ. "ಭೋಂಗಾ ಆಗೂ ಹೊತ್ತಾತು. ಪಾಪ, ಅವನ ಮಂಡಿ ನೋಡ್ರಿ."

"ಗುಡಿಸ್ರಿ ಮಾಸ್ತರ," ಅಂದೆ ನಾನೂ. ಎಲೆ ಅಡಿಕೆಯನ್ನು ಅವರ ಕಡೆ ಸರಿಸಿದೆ. "ತಗೋರಿ. ನಾನ ಒಪ್ಪಿ ಕೊಡಾಕತ್ತೀನಿ."

"ಬ್ಯಾಡ!"

ಆ ಕೂಗು ಯಾರದು ಅಂತ ನನಗೆ ಮೊದಲು ತಿಳಿಯಲೇ ಇಲ್ಲ. ಎದುರು ಮನೆಯ ಬಾಗಿಲುಗಳು ತೆರೆದವು. ಮಾಸ್ತರರು ಎದ್ದು ನಿಂತಿದ್ದರು, ಯಾರ ಹೆಗಲನ್ನೂ ಹಿಡಿಯದೆ. ಕೈ ಬೀಸಿದರು, ಎಲೆ ಅಡಿಕೆ ಬೀದಿಗೆ ಹಾರಿದವು, ಅದರ ಹಿಂದೆಯೇ ಪರಾತು ಠಣ್ಣನೆ ಮಗುಚಿತು, ನನ್ನ ಕಾಳುಗಳೆಲ್ಲ ಅವರ ಕಂಬಳಿಯ ಮೇಲೆ ಚೆಲ್ಲಿದವು.

"ಬ್ಯಾಡ ಅಂದರ ಬ್ಯಾಡ! ಮೂವತ್ತೈದು ವರ್ಷ ಗುಡಿಸಿದ್ದು ಸಾಕು! ಒಂದರ ಉಳೀತು ಅಂತ ನಾನಿದ್ದರ, ಅದನ್ನೂ ತಂದು ನನ್ನ ಕೈಯಾಗ ಕೊಡ್ತಿ? ಏಳು, ಎದ್ದು ಹೋಗು ಇಲ್ಲಿಂದ, ಕತ್ತೇ!"

ಬೀದಿಯಲ್ಲಿ ಯಾರೋ, "ಯವ್ವಾ, ಮಾಸ್ತರ್ರು ಬೈದ್ರು!" ಅಂದರು. ನೀಲಗಂಗವ್ವ ಸೆರಗು ಬಾಯಿಗೆ ಇಟ್ಟುಕೊಂಡು, ಅತ್ತಳೋ ನಕ್ಕಳೋ.

"ಸುಮ್ನಿರ್ರೀ ಎಲ್ಲಾರೂ!" ಅಂತ ಹಸೀನಾ ಕಿರುಚಿದಳು. ಅವಳು ಕಂಬಳಿಯ ಮೂಲೆಗೆ ಮಂಡಿಯೂರಿ ಗಾಜು ಹಿಡಿದಿದ್ದಳು. ನಾನು ನನ್ನ ಮಂಡಿ ಮರೆತು ಅವಳ ಪಕ್ಕದಲ್ಲಿ ಕೂತೆ.

ಬಟ್ಟಲಿನ ಚೂರಿನ ಎದುರು ಮಾಸ್ತರರ ಕಾಳೊಂದು ನಿಂತಿತ್ತು. ಸಾಲಿನ ಮೊದಲನೆಯದು, ದಪ್ಪಗೆ, ಹಿರಿಯನ ಹಾಗಿತ್ತು. ಚೂರು ವೀಳ್ಯ ಚಾಚಿತ್ತು. ಕಾಳು ರೂಢಿಯಂತೆ ತೆಗೆದುಕೊಂಡಿತು. ಆದರೆ ಅದು ವಾಪಸು ತಿರುಗಲಿಲ್ಲ. ಬಹಳ ಹೊತ್ತು ಹಾಗೇ ನಿಂತಿತು. ಆಮೇಲೆ ವೀಳ್ಯವನ್ನು ಕೆಳಗೆ ಇಟ್ಟಿತು. ಎಸೆಯಲಿಲ್ಲ, ಇಟ್ಟಿತು, ಅಂಚಿಗೆ ಅಂಚು ಹೊಂದಿಸಿ, ಅಚ್ಚುಕಟ್ಟಾಗಿ. ಇಟ್ಟು, ಮುಂದೆ ಹೋಗಿ, ಕಚ್ಚಿತು.

ಎರಡನೆಯದೂ ಹಾಗೇ ಮಾಡಿತು. ಮೂರನೆಯದು ತೆಗೆದುಕೊಳ್ಳಲೇ ಇಲ್ಲ. ಆಮೇಲೆ ಸಾಲು ಮುರಿಯಿತು.

ಎರಡನೆಯ ಭೋಂಗಾ ಕೂಗಿದಾಗ ಬಟ್ಟಲಿನಲ್ಲಿ ಮಡಿಚಿಟ್ಟ ವೀಳ್ಯಗಳ ರಾಶಿ ಬಿಟ್ಟು ಬೇರೇನೂ ಇರಲಿಲ್ಲ. ಕಾಳುಗಳು ಅವರವರ ಮೈಗೆ ಹತ್ತಿದವು. ನನ್ನವು ಎಲ್ಲ ನನಗೇ ಬಂದವೋ, ಒಂದೆರಡು ಅಲ್ಲೇ ಉಳಿದವೋ, ಯಾರೂ ಎಣಿಸಲಿಲ್ಲ. ಗರಿಗೆ ನೇತಾಡಿದ್ದು ಮಾತ್ರ ಕೊನೆಗೆ ಬಂತು, ಎಡಗೈ ಕಿರುಬೆರಳಿನಿಂದ ಒಳಗೆ ಹೋಯಿತು, ನಾನು ನೋಡಿದೆ.

ಸಂಕ್ರಾಂತಿಗೆ ಗಂಟು ಮತ್ತೆ ನಿಂಬೆಹಣ್ಣಾಯಿತು. ಶಿವರಾತ್ರಿಗೆ ಹುಣಸೆಬೀಜ. ಆಮೇಲೆ ಹಸೀನಾ ಎಷ್ಟು ಒತ್ತಿ ನೋಡಿದರೂ ಕೈಗೆ ಸಿಗಲಿಲ್ಲ. ಆಕೆ ದೊಡ್ಡದೊಂದು ಕಾಗದ ಬರೆದು ಎಲ್ಲೆಲ್ಲಿಗೋ ಕಳಿಸಿದ್ದಾಳೆ. ಅದರಲ್ಲಿ ನನ್ನ ಹೆಸರಿಲ್ಲ, 'ಶಿಕ್ಷಣ ಅಪೂರ್ಣವಾದ ಒಬ್ಬ ಯುವಕ' ಅಂತ ಇದೆಯಂತೆ. ಅದಕ್ಕೆ ಎರಡು ದಿನ ಆಕೆಯ ಜೊತೆ ಮಾತು ಬಿಟ್ಟಿದ್ದೆ. ಶಾಲೆಯಲ್ಲಿ ಜರಡಿ ಪರೀಕ್ಷೆ ನಿಂತಿಲ್ಲ, ನಿಲ್ಲಿಸಿದರೆ ಊರ ತುಂಬ ನನ್ನಂಥ ಮಂಡಿಗಳೇ ಆಗುತ್ತವೆ. ಆದರೆ ನಪಾಸಾದವುಗಳಲ್ಲಿ ಒಂದು ಹಿಡಿಯನ್ನು ಸುಣ್ಣಕ್ಕೆ ಹಾಕದೆ, ಪ್ರತಿ ಹುಡುಗನ ಹೆಸರು ಬರೆದ ಶೀಶೆಯಲ್ಲಿ ಹಸೀನಾಳ ಕಪಾಟಿಗೆ ಕಳಿಸಬೇಕು ಅಂತ ಆಗಿದೆ. ಹಾಗೆ ಆಗುವ ತನಕ ಮಾಸ್ತರರು ಶಾಲೆಯ ಬಾಗಿಲಲ್ಲಿ ಕೂತು ಎದ್ದೇಳಲು ಒಲ್ಲೆ ಅಂದರು.

ಕಲಿತದ್ದಕ್ಕೆ ಅವರೂ ಸುಂಕ ತೆತ್ತಿದ್ದಾರೆ. ರೋಷ ಕಲಿತ ಅವರ ಕಾಳುಗಳು ಗಂಟು ಮುಗಿದ ಮೇಲೆ ಸುಮ್ಮನೆ ಕೂರಲಿಲ್ಲ. ಮುಂಗೈ ಮೇಲೆ ಬಿಳಿ ಮಚ್ಚೆಗಳಾದವು, ಬಲ ಮಂಡಿ ಊದಿತು. ಈಗ ಮೊದಲ ಭೋಂಗಾ ಆಗುತ್ತಲೇ ಹರಳೆಣ್ಣೆಯ ಬಟ್ಟಲು ಹಿಡಿದು ನನ್ನ ಕಟ್ಟೆಗೆ ಬರುತ್ತಾರೆ. ತಮ್ಮ ಕಂಬಳಿಯನ್ನು ನನ್ನ ಕಂಬಳಿಯ ಅಂಚಿಗೆ ಹಾಸುತ್ತಾರೆ. ಊರಲ್ಲಿ ನನ್ನ ಪಕ್ಕ ಹಾಗೆ ಹಾಸುವವರು ಅವರೊಬ್ಬರೇ. ಕಾಳುಗಳು ದಿನಾ ಕಚ್ಚಾಡುತ್ತವೆ. ನಾವಿಬ್ಬರೂ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ನೋಡುತ್ತೇವೆ. ನಾನು ಸೋತು ಹೋದೆನೋ, ಅವರನ್ನು ಕೆಣಕಲೆಂದೇ ಪರಾತು ಒಯ್ದೆನೋ ಅಂತ ಊರಲ್ಲಿ ಇನ್ನೂ ವಾದ ಇದೆ. ನನ್ನನ್ನು ಕೇಳಿದವರಿಗೆ ನಾನು ಬೈದು ಕಳಿಸುತ್ತೇನೆ.

ಇವತ್ತು ಬೆಳಿಗ್ಗೆ ಅವರ ಕಂಕುಳಲ್ಲಿ ಈಳಿಗೆಮಣೆಯೂ ಇತ್ತು.

"ಸಾಣೆ ಹಿಡಿದುಕೊಡು."

"ನಿಮ್ಮ ಮನೀದು ಹಿಡಿಯಾಂಗಿಲ್ಲ ಅಂತ ಯಾವಾಗೋ ಹೇಳೀನಿ."

ಮಾಸ್ತರರು ಈಳಿಗೆಯನ್ನು ಕೆಳಗಿಟ್ಟರು, ಗಂಟಲು ಸರಿಮಾಡಿಕೊಂಡರು. ಆಮೇಲೆ ನನಗೂ, ನನ್ನ ಹಿರೀಕರಿಗೂ, ನನ್ನ ಚಕ್ರಕ್ಕೂ ಸೇರಿಸಿ ಒಂದು ಬೈಗುಳ ಬೈದರು. ನಾನೇ ಕಲಿಸಿದ ಬೈಗುಳ. ಆದರೆ ಎಲ್ಲ ಪದ ಬಿಡಿಸಿ ಬಿಡಿಸಿ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಪದ್ಯ ಓದಿಸಿದ ಹಾಗೆ. ಕೇಳಿದವನಿಗೆ ಸಿಟ್ಟು ಬರುವ ಬದಲು ಬರೆದುಕೊಳ್ಳಬೇಕು ಅನ್ನಿಸುತ್ತಿತ್ತು.

ನಾನು ಈಳಿಗೆ ಎತ್ತಿಕೊಂಡೆ. ಎಡಗಾಲಿಂದ ಚಕ್ರ ತುಳಿದೆ. ಕಿಡಿ ಹಾರಿತು.

"ಏನೂ ಸುಧಾರಣೆ ಇಲ್ಲ ಮಾಸ್ತರ," ಅಂದೆ. "ಮೊದಲಿಂದ ಅನ್ರಿ."